ಐದು ಗಂಟೆ ಹತ್ತು ನಿಮಿಷಕ್ಕೆ ಗೆದ್ದವರು

"ಅಂದರೆ, ಡೆಲ್ಬಿ ಕಾಲೇಜಿನ ತಂಡ ಐವತ್ತು ನಿಮಿಷ ಮೊದಲೇ ಮೈದಾನ ಬಿಟ್ಟು ಹೋಗಿದೆ. ಇದನ್ನು ಸೋಲು ಅಂತಲೇ ಬರೆಯಬೇಕು."

ಪರದೆಯ ಪಕ್ಕ ನಿಂತಿದ್ದ ತರುಣ ಇಷ್ಟು ಹೇಳಿ ಒಂದು ಗುಟುಕು ನೀರು ಕುಡಿದ.

ಕೊನೆಯ ಸಾಲಿನಲ್ಲಿದ್ದ ಅಕ್ಷರಾ ಮೆಲ್ಲಗೆ ಪಕ್ಕಕ್ಕೆ ತಿರುಗಿದಳು. ಗಾಲಿಕುರ್ಚಿಯಲ್ಲಿ ತೊಂಬತ್ತೆರಡು ವರ್ಷದ ಸ್ಟ್ಯಾನ್ ತಮ್ಮ ಅಂಗೈಗಳನ್ನೇ ನೋಡುತ್ತಾ ಕುಳಿತಿದ್ದರು.

"ಹುಡುಗ ಹೇಳೋದು ಸರಿ ಇದೆ," ಎಂದರು ಇಂಗ್ಲಿಷಿನಲ್ಲಿ, ಅವಳಿಗೆ ಮಾತ್ರ ಕೇಳುವಂತೆ. "ತಪ್ಪು ನನ್ನದೇ ಇರಬೇಕು. ನನ್ನಿಂದ ಹದಿನಾಲ್ಕು ಜನರ ಕಪ್ ಹೋಯ್ತು."

ಸಭೆ ನಡೆಯುತ್ತಿದ್ದುದು ಚಿಕಾಗೋ ಬಳಿಯ ಓಕ್‌ಬ್ರೂಕಿನ ಒಂದು ಹೋಟೆಲಿನಲ್ಲಿ. ಸಣ್ಣ ಕಾಲೇಜುಗಳ ಕ್ರೀಡಾ ಒಕ್ಕೂಟಕ್ಕೆ ನೂರು ವರ್ಷ ತುಂಬುತ್ತಿತ್ತು. ದಾಖಲೆಯಲ್ಲಿ ಖಾಲಿ ಉಳಿದ ಜಾಗಗಳನ್ನೆಲ್ಲ ತುಂಬಿಸಿ ಪುಸ್ತಕ ಮುಚ್ಚಬೇಕೆಂದು ತೀರ್ಮಾನವಾಗಿತ್ತು. ಹಾಗೆ ಖಾಲಿ ಉಳಿದಿದ್ದು 1954ರ ಬೇಸ್‌ಬಾಲ್ ಚಾಂಪಿಯನ್ ಯಾರು ಎಂಬ ಸಾಲು.

ಬೇಸ್‌ಬಾಲ್ ನೋಡದವರು ಗಾಬರಿಯಾಗಬೇಕಿಲ್ಲ. ಅದು ಒಂಬತ್ತು ಸುತ್ತಿನ ಆಟ, ಅಷ್ಟು ತಿಳಿದಿದ್ದರೆ ಸಾಕು. ಆಗಿನ ಕಾಲದಲ್ಲಿ ದೂರದಿಂದ ಬಂದ ತಂಡ ಸಂಜೆಯ ರೈಲು ಹಿಡಿಯಬೇಕಿತ್ತಲ್ಲ, ಅದಕ್ಕೆ ಎರಡೂ ಕಡೆಯವರು ಮೊದಲೇ ಪತ್ರ ಬರೆದು ಒಪ್ಪಿಕೊಳ್ಳುತ್ತಿದ್ದರು: ಇಂತಿಷ್ಟು ಗಂಟೆ ದಾಟಿದ ಮೇಲೆ ಹೊಸ ಸುತ್ತು ಶುರುವಾಗಬಾರದು. ಆ ಹೊತ್ತಿಗೆ ಮುಂದಿದ್ದವರೇ ಗೆದ್ದಂತೆ.

1954ರ ಮೇ 22, ಶನಿವಾರ. ಡೆಟ್ರಾಯಿಟ್‌ನ ಮಾರ್ಡನ್ ಕಾಲೇಜಿನ ಮೈದಾನದಲ್ಲಿ ಋತುವಿನ ಕೊನೆಯ ಆಟ. ಎಂಟು ಸುತ್ತು ಮುಗಿದಾಗ ಚಿಕಾಗೋ ಕಡೆಯ ಡೆಲ್ಬಿ ಐದು, ಮಾರ್ಡನ್ ನಾಲ್ಕು. ಮೈದಾನದ ಗಡಿಯಾರದಲ್ಲಿ ಐದು ಗಂಟೆ ಹತ್ತು ನಿಮಿಷ. ಡೆಲ್ಬಿಯ ನಾಯಕ ಸ್ಟ್ಯಾನ್ ವೊಯ್ಚಿಕ್ "ಸಮಯ ಆಯ್ತು, ನಡೀರಿ" ಎಂದು ತಂಡವನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದರು. ಒಂದು ಸುತ್ತು ಆಡದೇ ಹೋದರೆಂದು ಮಾರ್ಡನ್ ದೂರು ಬರೆಯಿತು. ಆ ಬೇಸಿಗೆಯಲ್ಲೇ ಒಕ್ಕೂಟದ ಕಾರ್ಯದರ್ಶಿ ತೀರಿಕೊಂಡರು. ದೂರನ್ನು ಯಾರೂ ತೆರೆದು ನೋಡಲಿಲ್ಲ.

ಎಪ್ಪತ್ತೆರಡು ವರ್ಷಗಳ ನಂತರ ತೆರೆದವನು ಮಾರ್ಡನ್ ಕಾಲೇಜಿನ ದಾಖಲೆ ವಿಭಾಗದ ಈ ತರುಣ. ಅವನ ವಾದ ಚಿಕ್ಕದು. ಒಪ್ಪಂದದ ಪತ್ರ ಬರೆದದ್ದು ಡೆಲ್ಬಿಯ ಕೋಚ್. ಅದರಲ್ಲಿ 'ನಮ್ಮ ಸಮಯ ಐದು ಗಂಟೆ' ಎಂದಿದೆ. ಚಿಕಾಗೋದಲ್ಲಿ ಐದಾದರೆ ಡೆಟ್ರಾಯಿಟ್‌ನಲ್ಲಿ ಆರು. ಏಪ್ರಿಲ್ ಮಧ್ಯದಲ್ಲಿ ಇನ್ನೊಂದು ಆಟಕ್ಕೆ ಬಂದಾಗ ಡೆಲ್ಬಿ ಹುಡುಗರು ಕೈಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟರೆಂದು ಅವರದೇ ತಂಡದ ಡೈರಿಯಲ್ಲಿದೆ. ಮೇ ತಿಂಗಳ ಪುಟದಲ್ಲಿ ಆ ಮಾತಿಲ್ಲ. ಮರೆತಿದ್ದಾರೆ.

ಪುರಾವೆ ಸಮೇತ ಆಕ್ಷೇಪ ಇದ್ದರೆ ಜೂನ್ ಐದರೊಳಗೆ ಕೊಡಬಹುದು, ಇಲ್ಲದಿದ್ದರೆ ಕಪ್ ಮಾರ್ಡನ್‌ಗೆ ಎಂದು ಅಧ್ಯಕ್ಷರು ಹೇಳಿ ಸಭೆ ಮುಗಿಸಿದರು.

ಡೆಲ್ಬಿಯ ಹಳೆಯ ಆಟಗಳ ದಾಖಲೆ ನೋಡಿಕೊಳ್ಳುವ ಕೆಲಸ ಅಕ್ಷರಾಳದು. ಸ್ಟ್ಯಾನ್‌ರನ್ನು ಇಲ್ಲಿಗೆ ಕರೆತಂದವಳೂ ಅವಳೇ. 'ಬರ್ರಿ, ನ್ಯಾಯ ಸಿಗತದ ಅಂತ ಕರಕೊಂಡು ಬಂದು, ಎಲ್ಲರ ಮುಂದ ಅವರ ಮುಖಕ್ಕ ಮಸಿ ಬಳಿಸಿದೆನಲ್ಲಾ...' ಎಂದುಕೊಂಡಳು.

ಕಾರಿಡಾರಿಗೆ ಬಂದು ಹತ್ತಿರದ ವುಡ್‌ರಿಡ್ಜ್‌ನಲ್ಲಿದ್ದ ತಾಯಿಗೆ ಫೋನ್ ಮಾಡಿದಳು.

"ಅವ್ವಾ, ಸೋತ್ವಿ. ಆ ಡೆಟ್ರಾಯಿಟ್‌ನವ ಎಂಥಾ ಸೊಕ್ಕಿನ ಮನಶ್ಯಾ ಅಂತೀ. ಅಂಗಿ ನೋಡಿದ್ರ ಇಸ್ತ್ರಿ, ಮನಸ್ಸು ನೋಡಿದ್ರ ಕಲ್ಲು."

"ಅಂಗಿ ಇಸ್ತ್ರಿ ಮಾಡಿದ್ದು ನಮ್ಮಮ್ಮ," ಎಂದಿತು ಹಿಂದಿನಿಂದ ಒಂದು ದನಿ, ಅಚ್ಚ ಮೈಸೂರು ಕನ್ನಡದಲ್ಲಿ. "ಕಲ್ಲು ಮಾತ್ರ ನಂದೇ ಇರ್ಬೇಕು."

ಅಕ್ಷರಾ ಗರಕ್ಕನೆ ತಿರುಗಿದಳು. ಪರದೆಯ ಪಕ್ಕದ ತರುಣ!

"ನಾನು ಅನುಜ್. ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್. ನೀವು ಬೈಯೋದು ಮುಗಿಸಿ, ನಾನು ಕಾಯ್ತೀನಿ."

"ಬೈಸಿಕೊಳ್ಳಾಕೂ ನಿಮಗ ಯೋಗ್ಯತಾ ಬೇಕಲ್ರಿ," ಎಂದಳು ಅವಳು. "ನೀವು ಯಾರನ್ನ ಓಡಿಹೋದ ಅಂದ್ರೋ, ಅವರು ಒಳಗ ಕೂತಾರ. ಆ ತಂಡದಾಗ ಜೀವಂತ ಇರೋರು ಅವರೊಬ್ಬರೇ."

ಅನುಜನ ಮುಖದ ನಗು ಮಾಯವಾಯಿತು.

"ಗೊತ್ತಿರ್ಲಿಲ್ಲ," ಎಂದ. "ಎಲ್ಲರೂ ತೀರ್ಕೊಂಡಿದ್ದಾರೆ ಅಂದ್ಕೊಂಡಿದ್ದೆ. ಅವರನ್ನ ನೋಡಬಹುದಾ?"

ಬೇಡ ಎನ್ನಬೇಕೆಂದುಕೊಂಡಳು. ಆದರೆ ಆ ಕಣ್ಣುಗಳಲ್ಲಿ ಗೆದ್ದವನ ಹೊಳಪಿರಲಿಲ್ಲ...

* * *

ಮುಂದಿನ ಶನಿವಾರ ಅನುಜ್ ಇನ್ನೂರ ಎಪ್ಪತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದ. ಅದರ ಮುಂದಿನ ಶನಿವಾರವೂ ಬಂದ.

ಪ್ಲೇನ್‌ಫೀಲ್ಡ್‌ನ ವೃದ್ಧರ ವಸತಿಯಲ್ಲಿ ಸ್ಟ್ಯಾನ್ ಕಿಟಕಿಯ ಪಕ್ಕ ಕುಳಿತು ಆ ಋತುವಿನ ಕಥೆ ಹೇಳುತ್ತಿದ್ದರು. ಮೊದಲ ಆಟದಲ್ಲಿ ಹಿಮ ಬಿದ್ದು ಚೆಂಡು ಕಾಣದೇ ಹೋದದ್ದು, ಸತತ ಹನ್ನೊಂದು ಗೆಲುವು, ಒಬ್ಬನ ಬೂಟು ಹರಿದು ಇನ್ನೊಬ್ಬನ ಬೂಟಿನಲ್ಲಿ ಓಡಿದ್ದು.

"ಲೆನ್ ನಮ್ಮ ಕ್ಯಾಚರ್. ನನ್ನ ಅಣ್ಣನ ಹಾಗಿದ್ದ," ಎಂದರು ಒಮ್ಮೆ. "ಒಂಬತ್ತನೇ ಸುತ್ತು ಆಡಿಬಿಡೋಣ ಸ್ಟ್ಯಾನ್, ಯಾರೂ ಬಾಯಿ ಬಿಡದ ಹಾಗೆ ಅಂದ. ನಾನು ಒಪ್ಪಂದ ಅಂದ್ರೆ ಒಪ್ಪಂದ ಅಂದೆ. ಕಪ್ ಬರಲಿಲ್ಲ. ಅವನು ಸಾಯೋವರೆಗೂ ನನ್ನ ಹತ್ತಿರ ಆ ದಿನದ ಮಾತೇ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು."

ಹಿಂದಿರುಗುವಾಗ ಪಾರ್ಕಿಂಗ್‌ನಲ್ಲಿ ಇಬ್ಬರೂ ಕಾರಿನ ಪಕ್ಕ ನಿಂತರು.

"ನನ್ನ ರಿಪೋರ್ಟ್ ತಪ್ಪಾಗಿದ್ರೆ ಎಷ್ಟು ಚೆನ್ನಾಗಿತ್ತು ಅಂತ ಮೊದಲನೇ ಸಲ ಅನ್ನಿಸ್ತಿದೆ," ಎಂದ ಅನುಜ್.

"ಹಂಗಾದ್ರ ತಪ್ಪು ಹುಡುಕ್ರಿ."

"ಹುಡುಕಿದೆ. ಸಿಗ್ತಿಲ್ಲ."

"ಹುಡುಕೋದನ್ನ ನಿಲ್ಲಿಸಬ್ಯಾಡ್ರಿ. ಅಷ್ಟರೊಳಗ ಏನರೇ ತಿನ್ನೋಣ, ನಿಮ್ಮ ಹೊಟ್ಟಿ ಒಳಗ ಯಾರೋ ಕಾರ್ ಸ್ಟಾರ್ಟ್ ಮಾಡಾಕತ್ತಾರ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಸ್ವಲ್ಪ ಹೆಚ್ಚು ಮುಚ್ಚುತ್ತಿತ್ತು. 'ಇಂಥಾದ್ದೆಲ್ಲ ನಾ ಯಾಕ ನೋಡಾಕತ್ತೇನಿ...' ಎಂದು ಅಕ್ಷರಾ ತನ್ನನ್ನೇ ಗದರಿಕೊಂಡಳು.

ಮನೆಯಲ್ಲಿ ತಾಯಿ ನೀಲಾಂಬಿಕಾ ಡಾಕ್ಟರು. ರೋಗ ಬೇಗ ಕಂಡುಹಿಡಿಯುತ್ತಾರೆ.

"ಶನಿವಾರ ಬಂತಂದ್ರ ತಲಿ ಬಾಚಿಕೊಳ್ಳೋದು ಹತ್ತು ನಿಮಿಷ ಹೆಚ್ಚಾಗೇದ," ಎಂದರು ರೊಟ್ಟಿ ಬಡಿಯುತ್ತಾ. "ವೈರಿ ಚೆಂದ ಇದ್ದಾನೇನ?"

"ಅವ್ವಾ, ಸುಮ್ನಿರು."

"ನಾ ಸುಮ್ನ ಇದ್ದೇನಿ. ನಿನ್ನ ಮುಖ ಸುಮ್ನಿಲ್ಲ."

ಮೂರನೆಯ ಶನಿವಾರ ಸ್ಟ್ಯಾನ್ ಆ ಕೊನೆಯ ಹತ್ತು ನಿಮಿಷವನ್ನು ಮತ್ತೊಮ್ಮೆ ಹೇಳಿದರು. ತಪ್ಪೊಪ್ಪಿಕೊಳ್ಳುವವರ ಹಾಗೆ.

"ಆ ಸಲ ಯಾರೂ ಕೈಗಡಿಯಾರ ಮುಟ್ಟಲಿಲ್ಲ ಅನ್ನೋದು ನಿಜ. ನಾನೂ ಮುಟ್ಟಲಿಲ್ಲ. ಮೈದಾನದ ಗಡಿಯಾರ ನೋಡಿದೆ, ಐದು ಹತ್ತು. ನನ್ನ ಕೈ ನೋಡಿಕೊಂಡೆ, ಐದು ಹತ್ತು. ನಡೀರಿ ಅಂದುಬಿಟ್ಟೆ."

ಅಕ್ಷರಾಳ ಕೈಯಲ್ಲಿದ್ದ ಪೆನ್ನು ನಿಂತಿತು.

"ಸ್ಟ್ಯಾನ್, ನಿಮ್ಮ ಕೈಯಲ್ಲಿ ಇದ್ದಿದ್ದು ಚಿಕಾಗೋ ಸಮಯ ಅಲ್ವಾ?"

"ಹೌದು. ಮುಟ್ಟಲೇ ಇಲ್ಲ ಅಂದೆನಲ್ಲ."

"ಹಾಗಾದ್ರೆ ಅದರಲ್ಲಿ ನಾಲ್ಕು ಹತ್ತು ಇರಬೇಕಿತ್ತು."

ಅನುಜ್ ನಿಧಾನವಾಗಿ ತಲೆ ಎತ್ತಿದ. ಇಬ್ಬರ ಕಣ್ಣುಗಳೂ ಕೂಡಿದವು.

ಚಿಕಾಗೋ ಮತ್ತು ಡೆಟ್ರಾಯಿಟ್ ನಡುವೆ ಬೆಳೆದ ಮಕ್ಕಳಿಗೆ ಒಂದು ಗಂಟೆ ಕೂಡಿಸುವುದು ಉಸಿರಾಡಿದಷ್ಟು ಸಲೀಸು. ನಾರ್ತ್‌ವಿಲ್ ಅತ್ತೆಗೆ ಫೋನ್ ಮಾಡಬೇಕೇ? ಒಂದು ಗಂಟೆ ಕೂಡಿಸು. ವುಡ್‌ರಿಡ್ಜ್ ಮದುವೆಗೆ ಹೊರಟಿರಾ? ಒಂದು ಗಂಟೆ ಕಳೆ. ಈ ಒಂದು ಗಂಟೆ ಯಾವಾಗಲೂ ಇತ್ತೇ ಎಂದು ಕೇಳಿಕೊಳ್ಳುವ ಪ್ರಸಂಗ ಯಾರಿಗೂ ಬಂದಿರಲಿಲ್ಲ.

"ಬೇಸಿಗೆ ಬಂತಂದ್ರೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಿಡ್ತಾರಲ್ಲ..." ಅನುಜ್ ತೊದಲಿದ. "ಈಗ ಎಲ್ಲಾ ಊರೂ ಒಟ್ಟಿಗೆ ಇಡುತ್ತೆ. ಆಗ ಒಂದೊಂದು ಊರು ತನಗೆ ಬೇಕಾದ ಹಾಗೆ ಮಾಡ್ತಿತ್ತಂತೆ."

"ಚಿಕಾಗೋ ಮುಂದಿಟ್ಟು, ಡೆಟ್ರಾಯಿಟ್ ಇಡದೇ ಇದ್ದಿದ್ರೆ?"

"ಎರಡೂ ಊರಲ್ಲಿ ಒಂದೇ ಸಮಯ."

ಸ್ಟ್ಯಾನ್ ಒಬ್ಬರಿಂದ ಒಬ್ಬರಿಗೆ ನೋಡಿದರು. "ಏನು ವಿಷಯ ಮಕ್ಕಳೇ?"

"ಇನ್ನೂ ಗೊತ್ತಿಲ್ಲ ಸ್ಟ್ಯಾನ್," ಎಂದು ಅಕ್ಷರಾ ಅವರ ಕೈ ಹಿಡಿದಳು.

ಚಿಕಾಗೋ ಕಡೆಯ ಪುರಾವೆ ಆ ಸಂಜೆಯೇ ಸಿಕ್ಕಿತು. ಡೆಲ್ಬಿಯ ಹಳೆಯ ವಿದ್ಯಾರ್ಥಿ ಪತ್ರಿಕೆಯಲ್ಲಿ, ಏಪ್ರಿಲ್ ಕೊನೆಯ ವಾರದ ಹಾಸ್ಟೆಲ್ ಸೂಚನೆ: ಇಂದು ರಾತ್ರಿ ಗಡಿಯಾರ ಒಂದು ಗಂಟೆ ಮುಂದಿಡಿ, ಚರ್ಚಿಗೆ ತಡವಾಯಿತೆಂದು ದೂರಬೇಡಿ. ಡೆಟ್ರಾಯಿಟ್ ಆ ವರ್ಷ ಏನು ಮಾಡಿತ್ತು ಎಂಬುದೇ ಉಳಿದದ್ದು.

"ಸೋಮವಾರ ನಮ್ಮೂರ ಲೈಬ್ರರೀಲಿ ನೋಡಿ ಹೇಳ್ತೀನಿ," ಎಂದು ಅನುಜ್ ಹೊರಟ. ಕಾರಿನ ಬಾಗಿಲು ಹಿಡಿದು ನಿಂತು, "ಅಕ್ಷರಾ, ಇದು ನಿಜ ಆದ್ರೆ..." ಎಂದವನು ಮಾತು ಮುಗಿಸದೇ ನಕ್ಕು ಹೋದ.

* * *

ಸೋಮವಾರ ಕಳೆಯಿತು. ಮಂಗಳವಾರ ಅವಳು ಮೆಸೇಜ್ ಮಾಡಿದಳು. ಬುಧವಾರ ಫೋನ್ ಮಾಡಿದಳು. ಒಂದೇ ಒಂದು ಸಾಲು ಬಂತು: 'ದಯವಿಟ್ಟು ಸ್ವಲ್ಪ ದಿನ ಕೊಡಿ. ಈಗ ಏನೂ ಹೇಳೋ ಹಾಗಿಲ್ಲ.'

ಶನಿವಾರ ಅವನು ಬರಲಿಲ್ಲ.

"ಎಲ್ಲಿ ನಿನ್ನ ಡೆಟ್ರಾಯಿಟ್ ಹುಡುಗ?" ಎಂದು ಕೇಳಿದರು ಸ್ಟ್ಯಾನ್.

"ಕೆಲಸ ಇದೆಯಂತೆ," ಎಂದಳು.

'ಹೇಳೋ ಹಾಗಿಲ್ಲ ಅಂದ್ರ ಏನು? ಅವನಿಗೆ ಸಿಕ್ಕದ. ಸಿಕ್ಕಿದ್ದನ್ನ ಮುಚ್ಚಿಡಾಕತ್ತಾನ. ಜೂನ್ ಐದು ದಾಟಿಬಿಟ್ರ ಅವನ ಕಾಲೇಜಿಗೆ ಕಪ್, ಅವನಿಗೆ ಶಹಬ್ಬಾಸ್‌ಗಿರಿ...' ಬೇಡಬೇಡವೆಂದರೂ ಮನಸ್ಸು ಅಲ್ಲಿಗೇ ಹೋಗುತ್ತಿತ್ತು.

ಗುರುವಾರ, ಜೂನ್ ನಾಲ್ಕು. ಬೆಳಿಗ್ಗೆ ಐದಕ್ಕೇ ಎದ್ದು ಅಕ್ಷರಾ ಕಾರು ಹತ್ತಿದಳು. ತಾಯಿ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟರು.

"ಸಿಟ್ಟಿನಾಗ ಹೈವೇ ಎಕ್ಸಿಟ್ ತಪ್ಪಿಸಿಕೊಳ್ಳಬ್ಯಾಡ," ಎಂದರು.

ಡೆಟ್ರಾಯಿಟ್‌ನ ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳೆಲ್ಲ ಮೈಕ್ರೋಫಿಲ್ಮ್ ಸುರುಳಿಗಳಲ್ಲಿದ್ದವು. 1954ರ ಏಪ್ರಿಲ್ ಸುರುಳಿ ಕೇಳಿದಾಗ ಮೇಜಿನ ಹಿಂದಿದ್ದ ಹೆಂಗಸು ಕನ್ನಡಕ ಮೇಲೆತ್ತಿ ನೋಡಿದರು.

"ಅದು ಈಗ ಅಲ್ಲಿ ಮೂಲೆಯಲ್ಲಿದೆ. ಅವರು ದಿನಾ ಅದನ್ನೇ ತೆಗೀತಾರೆ."

ಮೂಲೆಯ ಯಂತ್ರದ ಮುಂದೆ ಅನುಜ್. ಅಂಗಿ ಸುಕ್ಕು ಸುಕ್ಕಾಗಿತ್ತು. ಪರದೆಯ ಮೇಲೆ ಸೋಮವಾರದ ಪತ್ರಿಕೆ, ಏಪ್ರಿಲ್ 26. ಒಂದು ಪುಟ್ಟ ಸುದ್ದಿ: ಚಿಕಾಗೋ ನಿನ್ನೆ ಗಡಿಯಾರ ಮುಂದಿಟ್ಟಿದೆ. ನಮ್ಮ ಊರಲ್ಲಿ ಬದಲಾವಣೆಯಿಲ್ಲ. ಸೆಪ್ಟೆಂಬರ್‌ವರೆಗೆ ಎರಡೂ ಕಡೆ ಒಂದೇ ಸಮಯ.

ಅಕ್ಷರಾ ಎರಡು ಸಲ ಓದಿದಳು. ಸ್ಟ್ಯಾನ್ ಸರಿ. ಎಪ್ಪತ್ತೆರಡು ವರ್ಷದಿಂದಲೂ ಸರಿ.

ಸಂತೋಷ ಬರಬೇಕಿದ್ದ ಜಾಗದಲ್ಲಿ ಬೇರೇನೋ ಬಂತು.

"ಯಾವತ್ತು ಸಿಕ್ತು ನಿಮಗ ಇದು?"

ಅನುಜ್ ಬೆಚ್ಚಿ ತಿರುಗಿದ. ಅವಳನ್ನು ಕಂಡು ಎದ್ದು ನಿಂತ.

"ಆವತ್ತೇ. ಆ ಸೋಮವಾರ."

"ಹತ್ತು ದಿನ. ಆ ಮನಶ್ಯಾಗ ತೊಂಬತ್ತೆರಡು ವರ್ಷ. ಹತ್ತು ದಿನ ಅಂದ್ರ ಎಷ್ಟು ಅಂತ ಗೊತ್ತದ ಏನ್ರಿ?"

"ಅಕ್ಷರಾ, ನಾಳೆ ಸಂಜೆವರೆಗೆ..."

"ನಾಳೆ ಸಂಜೀಗೆ ಪುಸ್ತಕ ಮುಚ್ಚತಾರ. ಅದಕ್ಕ ಕಾಯಾಕತ್ತೀರಿ," ಎಂದಳು. "ನಾ ನಿಮ್ಮನ್ನ ನಂಬಿದ್ದೆ. ಶನಿವಾರ ಯಾವಾಗ ಬರತದ ಅಂತ ಕಾಯ್ತಿದ್ದೆ. ಹುಚ್ಚಿ ನಾನು."

ಅವನ ಕಣ್ಣುಗಳಲ್ಲಿ ನೀರಾಡಿತು. ಪರದೆಯ ಮುಂದಿನಿಂದ ಪಕ್ಕಕ್ಕೆ ಸರಿದು, "ಪ್ರಿಂಟ್ ತಗೊಳ್ಳಿ. ಯಂತ್ರ ಸ್ವಲ್ಪ ಒದ್ದಾಡುತ್ತೆ, ಬಲಗಡೆ ಗುಂಡಿ ಗಟ್ಟಿಯಾಗಿ ಒತ್ತಿ," ಎಂದಷ್ಟೇ ಹೇಳಿದ.

ಆ ಪ್ರಿಂಟನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಅಕ್ಷರಾ ಮಿಷಿಗನ್ ರಾಜ್ಯ ದಾಟುವವರೆಗೂ ಅತ್ತಳು.

* * *

ಶುಕ್ರವಾರ ಮಧ್ಯಾಹ್ನ ಅದೇ ಹೋಟೆಲಿನ ಅದೇ ಕೋಣೆ. ಸ್ಟ್ಯಾನ್ ಹಳೆಯ ನೀಲಿ ಕೋಟು ಹಾಕಿಕೊಂಡು ಬಂದಿದ್ದರು. ಅಕ್ಷರಾ ಕಾಗದಗಳನ್ನು ಜೋಡಿಸಿಕೊಂಡು ಎದ್ದಳು.

"ಅಧ್ಯಕ್ಷರೇ, ಅವರಿಗಿಂತ ಮೊದಲು ನನಗೆ ಎರಡು ನಿಮಿಷ ಬೇಕು," ಎಂದು ಹಿಂದಿನಿಂದ ಯಾರೋ ಹೇಳಿದರು.

ಬಾಗಿಲಲ್ಲಿ ಅನುಜ್. ಅವನ ಹಿಂದೆ ಮಾರ್ಡನ್ ಕಾಲೇಜಿನ ಕ್ರೀಡಾ ನಿರ್ದೇಶಕ, ಮುಖ ಗಂಟಿಕ್ಕಿಕೊಂಡು.

ಅನುಜ್ ನೇರವಾಗಿ ಮುಂದೆ ಹೋದ. ಪರದೆಯತ್ತ ನೋಡಲೇ ಇಲ್ಲ. ಕೊನೆಯ ಸಾಲಿನತ್ತ ತಿರುಗಿ ನಿಂತ.

"ಮಿಸ್ಟರ್ ವೊಯ್ಚಿಕ್, ಹೋದ ತಿಂಗಳು ಇಲ್ಲೇ ನಿಂತು ನಿಮ್ಮನ್ನ ಮರೆಗುಳಿ ಅಂದೆ. ಮರೆತವನು ನಾನು. 1954ರ ಮೇ ತಿಂಗಳಲ್ಲಿ ಎರಡೂ ಊರಿನ ಗಡಿಯಾರ ಒಂದೇ ಆಗಿತ್ತು. ಐದು ಹತ್ತು ಅಂದರೆ ಐದು ಹತ್ತೇ. ನೀವು ಒಪ್ಪಂದದಂತೆ ನಡೆದುಕೊಂಡಿರಿ. ನಿಮ್ಮ ತಂಡ ಗೆದ್ದಿತ್ತು. ನನ್ನ ವರದಿ ತಪ್ಪು. ವಾಪಸ್ ತಗೊಳ್ತಿದ್ದೀನಿ."

ಅಧ್ಯಕ್ಷರು ನಿರ್ದೇಶಕನತ್ತ ನೋಡಿದರು.

ನಿರ್ದೇಶಕ ಗಂಟಲು ಸರಿ ಮಾಡಿಕೊಂಡ. "ಈ ಯುವಕ ಹತ್ತು ದಿನದಿಂದ ನನ್ನ ನಿದ್ದೆ ಕೆಡಿಸಿದ್ದಾನೆ. ಕಾಲೇಜಿನ ಮಂಡಳಿ ಸೇರೋವರೆಗೆ ಹೊರಗೆ ಒಂದು ಮಾತೂ ಆಡಬಾರದು ಅಂತ ನಾನೇ ಮಾತು ತಗೊಂಡಿದ್ದೆ. ಆಡಲಿಲ್ಲ. ಆದರೆ ಶುಕ್ರವಾರದೊಳಗೆ ಕಾಲೇಜು ಹೇಳದಿದ್ದರೆ ಕೆಲಸ ಬಿಟ್ಟು ತಾನೇ ಹೇಳ್ತೀನಿ ಅಂದ. ದಿನಾ ಒಂದು ಹೊಸ ಪ್ರಿಂಟ್ ತಂದು ನನ್ನ ಮೇಜಿನ ಮೇಲೆ ಇಡ್ತಿದ್ದ. ಮಂಡಳಿ ಇವತ್ತು ಬೆಳಿಗ್ಗೆ ಒಪ್ಪಿದೆ. ಮಾರ್ಡನ್‌ಗೆ ಆ ಕಪ್ ಬೇಡ. ಅದು ನಮ್ಮದಲ್ಲ."

ಅಕ್ಷರಾಳ ಕೈಯ ಕಾಗದಗಳು ಮೇಜಿನ ಮೇಲೆ ಜಾರಿದವು. 'ನಾಳೆ ಸಂಜೆವರೆಗೆ ಅಂದಿದ್ದ... ಪೂರ್ತಿ ಹೇಳಲಿಕ್ಕೂ ನಾ ಬಿಡಲಿಲ್ಲ.'

ಅಧ್ಯಕ್ಷರು ದಾಖಲೆ ಪುಸ್ತಕ ತೆರೆದರು. ಗಟ್ಟಿಯಾಗಿ ಓದುತ್ತಾ ಬರೆದರು. "ಸಾವಿರದ ಒಂಬೈನೂರ ಐವತ್ನಾಲ್ಕು. ಚಾಂಪಿಯನ್, ಡೆಲ್ಬಿ ಕಾಲೇಜು. ನಾಯಕ, ಸ್ಟ್ಯಾನ್ಲಿ ವೊಯ್ಚಿಕ್."

ಇಡೀ ಕೋಣೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸ್ಟ್ಯಾನ್ ಕುರ್ಚಿಯ ಕೈ ಹಿಡಿದುಕೊಂಡು, ಅಕ್ಷರಾಳ ಹೆಗಲಿಗೆ ಭಾರ ಹಾಕಿ, ತಾವೂ ನಿಂತರು. ಅಳಲಿಲ್ಲ. ಫೋನ್ ಕೊಡು ಎಂದು ಕೈ ಚಾಚಿದರು. ಜೋಲಿಯೆಟ್‌ನಲ್ಲಿರುವ ಲೆನ್‌ನ ಹೆಂಡತಿಗೆ, ತೊಂಬತ್ತು ವರ್ಷದ ಡೊಲೊರೆಸ್‌ಗೆ ಕರೆ ಮಾಡಿದರು.

"ಡೊಲೊರೆಸ್, ನಾವು ಗೆದ್ವಿ."

"ಯಾರು ಮಾತಾಡೋದು?"

"ಸ್ಟ್ಯಾನ್. ಡೆಟ್ರಾಯಿಟ್ ಆಟ. ನಾವು ಗೆದ್ವಿ."

ಆ ಕಡೆಯಿಂದ ಆ ಮುದುಕಿ, "ಗೆದ್ದಿದ್ದಿರಿ ಅಂತ ಲೆನ್ ನನಗೆ ಯಾವಾಗಲೂ ಹೇಳ್ತಿದ್ದ," ಎಂದಳು. "ಆ ದಿನದ ಮಾತೆತ್ತಿದ್ರೆ ಸ್ಟ್ಯಾನ್ ನೊಂದ್ಕೋತಾನೆ ಅಂತ ನಿನ್ನ ಹತ್ತಿರ ಸುಮ್ಮನಿರ್ತಿದ್ದ."

ಸ್ಟ್ಯಾನ್ ಅತ್ತದ್ದು ಆಗ. ಮಗುವಿನ ಹಾಗೆ ಅತ್ತರು, ನಡುನಡುವೆ ನಕ್ಕರು.

* * *

ಅನುಜ್ ಹೊರಗೆ ಪಾರ್ಕಿಂಗ್ ಅಂಚಿನ ಕಟ್ಟೆಯ ಮೇಲೆ ಕುಳಿತಿದ್ದ. ಅಕ್ಷರಾ ಬಂದು ಪಕ್ಕದಲ್ಲಿ ಕುಳಿತಳು. ಬಿಸಿಲು ಎಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

"ಬೈದೆ," ಎಂದಳು.

"ಚೆನ್ನಾಗೇ ಬೈದ್ರಿ. ಲೈಬ್ರರಿಯಮ್ಮ ಭಾಷೆ ಗೊತ್ತಿಲ್ದೇನೇ ನನ್ನ ನೋಡಿ ಅಯ್ಯೋ ಪಾಪ ಅಂದ್ರು."

"ಮಾತು ಕೊಟ್ಟೇನಿ ಅಂತ ಒಂದು ಮಾತು ಅಂದಿದ್ರ ಸಾಕಿತ್ತಲ್ಲ."

"ಅಂದಿದ್ರೆ ನೀವು ಯಾರಿಗೆ ಅಂತ ಕೇಳ್ತಿದ್ರಿ. ಹೇಳ್ದೆ ಇರೋಕೆ ಆಗ್ತಿರ್ಲಿಲ್ಲ ನನಗೆ, ನಿಮ್ಮ ಮುಂದೆ." ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಅಕ್ಷರಾ, ನಾನು ಮೊದಲನೇ ಶನಿವಾರ ಬಂದಿದ್ದು ಸ್ಟ್ಯಾನ್‌ಗೋಸ್ಕರ. ಎರಡನೇದು ಅರ್ಧ ಅವರಿಗೋಸ್ಕರ. ಮೂರನೇದಕ್ಕೆ ಅವರ ಹೆಸರು ಹೇಳೋದೇ ಮೋಸ. ನನಗೆ ನೀವು ಬೇಕು. ಇಷ್ಟೇ ಗೊತ್ತಿರೋದು."

ಉತ್ತರವಾಗಿ ಅವಳು ಅವನ ಸುಕ್ಕಾದ ತೋಳನ್ನು ಹಿಡಿದು, ಹಣೆಯನ್ನು ಅವನ ಭುಜಕ್ಕೆ ಒರಗಿಸಿದಳು.

"ಈ ಭಾನುವಾರ ಮನೀಗೆ ಬಾ," ಎಂದಳು. "ಅಪ್ಪ ಪ್ರಶ್ನೆ ಕೇಳ್ತಾರ. ಅವ್ವ ಅದಕ್ಕಿಂತ ಹೆಚ್ಚು ಕೇಳ್ತಾಳ."

"ಏನು ಉತ್ತರ ಕೊಟ್ರೂ ತಪ್ಪಾಗಿಬಿಟ್ರೆ?"

"ತಪ್ಪಾತು ಅಂತ ಹೇಳು," ಎಂದು ಅವಳು ತಲೆ ಎತ್ತಿ ಅವನನ್ನು ನೋಡಿದಳು. "ಅದನ್ನ ನಿನ್ನಷ್ಟು ಚೆಂದ ಹೇಳೋರನ್ನ ನಾ ಇನ್ನೂ ನೋಡಿಲ್ಲ."